ವಿದೇಶಿ ಬಂಡವಾಳ: ಕೋಲಾರದ ಗಣಿಯಿಂದ ಮಿಲ್ಲರ್ಸ್ ರಸ್ತೆಯವರೆಗೆ

ವಿದೇಶಿ ಬಂಡವಾಳವನ್ನು ಕುರಿತ ಚರ್ಚೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹೊರದೇಶದ ಕಂಪನಿಯೊಂದು ಇಷ್ಟೆಲ್ಲ ದೇಶಗಳನ್ನು ಬಿಟ್ಟು ಇಲ್ಲಿಗೇ ಏಕೆ ಬರಬೇಕು? ಸಿದ್ಧ ಉತ್ತರಗಳು ನಿಮಗೂ ಗೊತ್ತು. ಕೂಲಿ ಅಗ್ಗ, ತೆರಿಗೆಯಲ್ಲಿ ರಿಯಾಯಿತಿ, ಕೊಳ್ಳುವ ಜನ ಹೆಚ್ಚು. ಕ್ಯಾಮೆರಾದ ಹಿಂದೆ ಕುಳಿತು ಈ ಉತ್ತರಗಳನ್ನು ನಾನು ಎಷ್ಟು ಬಾರಿ ಕೇಳಿದ್ದೇನೆಯೋ ಲೆಕ್ಕವಿಟ್ಟಿಲ್ಲ. ನಾನು ಓದಿದ್ದು ವಿಜ್ಞಾನ, ಅರ್ಥಶಾಸ್ತ್ರವಲ್ಲ. ಆದ್ದರಿಂದಲೋ ಏನೋ ಪ್ರತಿ ಬಾರಿಯೂ ಒಂದು ಸಂಶಯ ತಲೆಯೆತ್ತುತ್ತದೆ. ಅಗ್ಗದ ಕೂಲಿಯೇ ಮುಖ್ಯ ಕಾರಣವಾಗಿದ್ದರೆ ಅತ್ಯಂತ ಬಡ ದೇಶಗಳಿಗೆ ಅತ್ಯಂತ ಹೆಚ್ಚು ಹಣ ಹರಿಯಬೇಕಿತ್ತು. ಹಾಗೆ ಆಗಿಲ್ಲವಲ್ಲ! ತೆರಿಗೆ ರಿಯಾಯಿತಿಯನ್ನಂತೂ ಎಲ್ಲ ದೇಶಗಳೂ ಕೊಡಬಲ್ಲವು. ಎಲ್ಲರೂ ಕೊಡುವ ವಸ್ತುವಿನಿಂದ ಒಬ್ಬರಿಗೇನು ಹೆಚ್ಚುಗಾರಿಕೆ?

ಈ ಸಂಶಯಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ಪೂರ್ವಕ್ಕೆ ಹೋದರೆ ಸಾಕು.

ಮೊದಲು ಒಂದು ಮಾತು. ಹೊರಗಿನ ಹಣದಲ್ಲಿ ಎರಡು ಬಗೆ. ದೂರದಲ್ಲಿ ಕುಳಿತು ಷೇರು ಕೊಂಡು, ಬೆಲೆ ಏರಿದಾಗ ಮಾರಿ ಹೋಗುವ ಹಣ ಒಂದು. ತಾನೇ ಬಂದು, ನೆಲ ಹಿಡಿದು, ಯಂತ್ರ ನಿಲ್ಲಿಸಿ, ಆಡಳಿತವನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳುವ ಹಣ ಇನ್ನೊಂದು. ಈ ಎರಡನೆಯದಕ್ಕೆ ವಿದೇಶಿ ನೇರ ಹೂಡಿಕೆ ಎಂದು ಹೆಸರು. ಹೆಸರು ಹೊಸದು, ಸಂಗತಿ ಹಳೆಯದು. ಕೋಲಾರದ ಚಿನ್ನದ ಗಣಿ ನಮ್ಮ ನಾಡಿನಲ್ಲಿ ಅದರ ಮೊದಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ. ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಾರೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಹಳ್ಳಿಯವರು ಅವನ ಕಣ್ಣೆದುರೇ ಮಣ್ಣು ತೊಳೆದು ತೋರಿಸಿದರು. ವಾರನ್ ವರದಿ ಬರೆದ. ಅದಾದ ಮೇಲೆ ಎಪ್ಪತ್ತು ವರ್ಷಗಳ ಕಾಲ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. ಚಿನ್ನ ಇದೆ ಎಂದು ಗೊತ್ತಿದ್ದರೂ ದೊಡ್ಡ ಹಣ ಬರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನೆಲದಲ್ಲಿ ಸಂಪತ್ತಿದ್ದ ಮಾತ್ರಕ್ಕೆ ಬಂಡವಾಳ ಓಡಿ ಬರುವುದಿಲ್ಲ.

1871ರ ಸುಮಾರಿಗೆ ಮೈಕೆಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕನ ಕಣ್ಣಿಗೆ ಆ ಹಳೆಯ ವರದಿ ಬಿತ್ತು. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದವನಾದ್ದರಿಂದ ಅಲ್ಲಿನ ಚಿನ್ನದ ಹುಡುಕಾಟದ ಗುಂಗು ಅವನಿಗೂ ಅಂಟಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದ್ದ ಅವನು ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. 1875ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ಸಿಕ್ಕಿತು. ಆದರೆ ಅವನ ಬಳಿ ಹಣವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕನ್ನು ಬ್ರಿಟಿಷ್ ಸೇನಾಧಿಕಾರಿಗಳ ಒಂದು ಕೂಟಕ್ಕೆ ಬಿಟ್ಟುಕೊಟ್ಟ. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ. ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಷೇರು ಮಾರಿದ್ದು ಲಂಡನ್ನಿನಲ್ಲಿ, ಗಣಿಯ ಉಸ್ತುವಾರಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯದು. ಅದೇ ಹೊತ್ತಿಗೆ ವೈನಾಡಿನಲ್ಲೂ ಚಿನ್ನವಿದೆ ಎಂಬ ಸುದ್ದಿ ಲಂಡನ್ನಿನಲ್ಲಿ ಹಬ್ಬಿ ಹತ್ತಾರು ಕಂಪನಿಗಳು ಎದ್ದವು. ಬಹುತೇಕ ಎಲ್ಲವೂ ಮುಳುಗಿದವು. ಕೋಲಾರವೂ ಮುಳುಗುವುದರಲ್ಲೇ ಇತ್ತು. 1883ರ ಹೊತ್ತಿಗೆ ತಂದ ಹಣ ಬಹುಪಾಲು ಖರ್ಚಾಗಿ, ಷೇರುದಾರರು ಬಾಗಿಲು ಹಾಕೋಣ ಎನ್ನುತ್ತಿದ್ದರು. ಉಳಿದಷ್ಟನ್ನೂ ಅಗೆಯುವುದಕ್ಕೇ ಹಾಕಿ ನೋಡೋಣವೆಂದು ಟೇಲರ್ ಸಂಸ್ಥೆ ಹಟ ಹಿಡಿಯಿತು. ಇನ್ನಷ್ಟು ಆಳಕ್ಕೆ ಇಳಿದಾಗ ಚಾಂಪಿಯನ್ ಎಂದು ಮುಂದೆ ಹೆಸರಾದ ಬೆಣಚುಕಲ್ಲಿನ ಪದರ ಸಿಕ್ಕಿತು. ಆ ಪದರವನ್ನೇ ಹಿಡಿದು ಅಗೆಯುತ್ತ ಹೋಗಿ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತಲೂ ಆಳ ಮುಟ್ಟಿತು.

ಇಲ್ಲಿಯವರೆಗಿನ ಕಥೆಯಲ್ಲಿ ಮೈಸೂರಿನ ಪಾತ್ರ ಸಣ್ಣದು. ಗುತ್ತಿಗೆ ಕೊಟ್ಟಿತು, ಬಂದ ಚಿನ್ನದ ಬೆಲೆಯ ಮೇಲೆ ರಾಯಧನ ಪಡೆಯಿತು. ಸಂಸ್ಥಾನ ಪೂರ್ಣ ಸ್ವತಂತ್ರವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಗುತ್ತಿಗೆ ಕೊಟ್ಟಾಗ ಆಳುತ್ತಿದ್ದವನು ಬ್ರಿಟಿಷ್ ಕಮಿಷನರ್. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅಂದರೆ ಚೌಕಾಸಿ ಮಾಡಲು ಕುಳಿತ ಇಬ್ಬರೂ ಸಮಬಲರಲ್ಲ. ಆದರೂ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಂಸ್ಥಾನ ಮಾಡಿದ ಕೆಲಸ ನನಗೆ ಈ ಇಡೀ ಕಥೆಯ ತಿರುಳಾಗಿ ಕಾಣುತ್ತದೆ.

ಗಣಿ ಆಳವಾದಂತೆ ಎರಡು ಕಷ್ಟ ಬೆಳೆಯುತ್ತವೆ. ಕಲ್ಲನ್ನು ಮೇಲೆತ್ತಬೇಕು, ತಳದಲ್ಲಿ ತುಂಬುವ ನೀರನ್ನೂ ಎತ್ತಬೇಕು. ಮೇಲೆ ಬಂದ ಕಲ್ಲನ್ನು ಕುಟ್ಟಿ ಹಿಟ್ಟುಮಾಡುವ ಯಂತ್ರಗಳು ಹಗಲೂ ರಾತ್ರಿ ಓಡಬೇಕು. ಇದಕ್ಕೆಲ್ಲ ಉಗಿಯ ಯಂತ್ರ, ಉಗಿಗೆ ಸೌದೆ ಮತ್ತು ಕಲ್ಲಿದ್ದಲು. ಸುತ್ತಲಿನ ಕಾಡು ಕರಗಿತು. ಕಲ್ಲಿದ್ದಲು ದೂರದಿಂದ ಬರಬೇಕು. ಇಂಧನದ ಖರ್ಚು ಏರಿದರೆ ಟನ್ನಿಗೆ ಇಷ್ಟೇ ಗ್ರಾಂ ಚಿನ್ನವಿರುವ ಕಲ್ಲು ಲಾಭಕ್ಕೆ ಬರುವುದಿಲ್ಲ, ಬಂಡವಾಳ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಸಂಸ್ಥಾನ ತನ್ನ ಹಣದಿಂದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹತ್ತು ಮೈಲಿ ರೈಲುಹಾದಿ ಹಾಕಿತು. ಅದು 1894ರಲ್ಲಿ ಸಿದ್ಧವಾಯಿತು. ಆದರೆ ರೈಲು ಕಲ್ಲಿದ್ದಲನ್ನು ತರಬಲ್ಲದು, ಅದನ್ನು ಅಗ್ಗ ಮಾಡಲಾರದು.

ಆಗ ಎಲ್ಲರ ಕಣ್ಣೂ ಕಾವೇರಿಯ ಕಡೆ ತಿರುಗಿತು. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆಯುವ ಹಕ್ಕು ತಮಗೆ ಬೇಕೆಂದು ಖಾಸಗಿಯವರು ಕೇಳಿದ್ದುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಕೊನೆಗೆ ಆ ಕೆಲಸವನ್ನು ತಾನೇ ಕೈಗೆತ್ತಿಕೊಂಡಿತು. ಕೆನಡಾ ಮೂಲದ ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಯೋಜನೆ ಹಾಕಿದರು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ವಿದ್ಯುತ್ತನ್ನು ಕೊಳ್ಳುತ್ತೇವೆಂದು ಗಣಿ ಕಂಪನಿಗಳ ಪರವಾಗಿ ಜಾನ್ ಟೇಲರ್ ಸಂಸ್ಥೆ ಮೊದಲೇ ಕರಾರು ಬರೆದುಕೊಟ್ಟಿತು. 1902ರ ಜೂನ್ ಕೊನೆಯಲ್ಲಿ 92 ಮೈಲಿ ದೂರದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ದೂರದ ತಂತಿಮಾರ್ಗ ಆಗ ಪ್ರಪಂಚದ ಅತಿ ಉದ್ದದವುಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಆ ಕಾಲಕ್ಕೆ ಎಂಥ ಸಾಹಸವೆಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ತಂತಿಯಲ್ಲಿ ಹರಿಯುವ ಪ್ರವಾಹ ಎರಡರಷ್ಟಾದರೆ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಪ್ರವಾಹವನ್ನು ತಗ್ಗಿಸಿ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಏರಿಸಬೇಕು. ಶಿವನಸಮುದ್ರದಲ್ಲಿ ಅದನ್ನು 30 ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸಿದರು. ನಯಾಗರಾದ ವಿದ್ಯುತ್ ಇಪ್ಪತ್ತು ಮೈಲಿಯಾಚೆಯ ಬಫೆಲೊ ನಗರ ಮುಟ್ಟಿ ಆರು ವರ್ಷವೂ ಆಗಿರಲಿಲ್ಲ.

ಈಗ ಲೆಕ್ಕ ನೋಡಿ. ಚಿನ್ನ ಹಡಗು ಹತ್ತಿತು, ಲಾಭಾಂಶ ಲಂಡನ್ ಸೇರಿತು. ಆದರೆ ವಿದ್ಯುತ್ ಕೇಂದ್ರ ಮತ್ತು ತಂತಿ ಮೈಸೂರಿನವಾಗಿಯೇ ಉಳಿದವು, ಗಣಿ ಕಂಪನಿ ಅವುಗಳ ಗಿರಾಕಿಯಾಯಿತು. ಮೂರು ವರ್ಷಗಳ ನಂತರ, 1905ರಲ್ಲಿ, ಅದೇ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಜಲಪಾತವನ್ನು ಖಾಸಗಿಯವರಿಗೆ ಬರೆದುಕೊಟ್ಟಿದ್ದರೆ ಆ ದೀಪ ಯಾರ ದರಕ್ಕೆ, ಯಾವಾಗ ಹತ್ತುತ್ತಿತ್ತೋ ಯೋಚಿಸಿ. ರಾಯಧನದ ಚೌಕಾಸಿಗಿಂತ ಇದು ದೊಡ್ಡ ಚೌಕಾಸಿ ಎಂದು ನನ್ನ ಎಣಿಕೆ.

ವಿದೇಶಿ ಹಣವನ್ನು ಕರೆದದ್ದು ಚಿನ್ನ, ಆದರೆ ಅದನ್ನು ನೂರಾರು ಅಡಿಯ ಬದಲು ಸಾವಿರಾರು ಅಡಿ ಆಳಕ್ಕೆ ಇಳಿಯಲು ಬಿಟ್ಟದ್ದು ಸಂಸ್ಥಾನ ಹಾಕಿದ ತಂತಿ. ಇದು ಮೈಸೂರಿಗೆ ಮಾತ್ರ ಸಲ್ಲುವ ಮಾತಾಗಿದ್ದರೆ ಇಲ್ಲಿಗೇ ಬಿಡಬಹುದಿತ್ತು. ಆದರೆ ಚಿನ್ನವೂ ಇಲ್ಲದ, ಕಾವೇರಿಯೂ ಇಲ್ಲದ ಒಂದು ಪುಟ್ಟ ದ್ವೀಪದ ಕಥೆಯೂ ಇದನ್ನೇ ಹೇಳುತ್ತದೆ.

1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಬೇರೆಯಾದಾಗ ಅದರ ಬಳಿ ಇದ್ದದ್ದು ಒಂದು ಬಂದರು ಮತ್ತು ಕೆಲಸವಿಲ್ಲದ ಯುವಕರು. 1968ರಲ್ಲಿ ಬ್ರಿಟಿಷರು ತಮ್ಮ ಸೇನಾ ನೆಲೆಯನ್ನೂ ತೆರವು ಮಾಡುವುದಾಗಿ ಸಾರಿದರು. ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೇಮಿಯಸ್ ಅವರ ಸಲಹೆಯಂತೆ 1961ರಲ್ಲೇ ಅಲ್ಲಿ ಆರ್ಥಿಕ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಗಿತ್ತು. ಜೌಗು ನೆಲವನ್ನು ತುಂಬಿ ಜುರಾಂಗ್ ಕೈಗಾರಿಕಾ ಪ್ರದೇಶ ಎದ್ದಿತ್ತು. 1968ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅರೆವಾಹಕಗಳ ಜೋಡಣೆಗೆ ಅಲ್ಲಿಗೆ ಬಂತು. ಹಿಂದೆಯೇ ಹ್ಯೂಲೆಟ್ ಪ್ಯಾಕರ್ಡ್. ಈ ಎರಡನೆಯ ಕಂಪನಿಯ ಸಂಗತಿಯೊಂದನ್ನು ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಂಪನಿ ಬಾಡಿಗೆಗೆ ಹಿಡಿದದ್ದು ಆರು ಅಂತಸ್ತಿನ ಕಟ್ಟಡದ ಮೇಲಿನ ಎರಡು ಅಂತಸ್ತು. ಯಜಮಾನರಾದ ಹ್ಯೂಲೆಟ್ ನೋಡಲು ಬರುವ ದಿನ ಹತ್ತಿರವಾದರೂ ಲಿಫ್ಟಿಗೆ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿರಲಿಲ್ಲ. ಮಂಡಳಿಯ ಅಧಿಕಾರಿಗಳು ಪಕ್ಕದ ಕಟ್ಟಡದಿಂದ ದಪ್ಪ ಕೇಬಲ್ ಎಳೆಸಿದರು, ಲಿಫ್ಟ್ ಓಡಿತು. ಒಂದೆಡೆ ಕೇಬಲ್ಲು, ಇನ್ನೊಂದೆಡೆ 92 ಮೈಲಿ ತಂತಿ. ಅಳತೆ ಬೇರೆ, ಕೆಲಸ ಒಂದೇ.

ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹದಿನೇಳು ವರ್ಷಗಳ ಬಳಿಕ, 1985ರಲ್ಲಿ, ಬೆಂಗಳೂರಿನ ಮಿಲ್ಲರ್ಸ್ ರಸ್ತೆಗೆ ಬಂದಿತು. ಭಾರತ ಆಗ ವಿದೇಶಿ ಬಂಡವಾಳವನ್ನು ಕೈಬೀಸಿ ಕರೆಯುತ್ತಿರಲಿಲ್ಲ. 1973ರ ವಿದೇಶಿ ವಿನಿಮಯ ಕಾಯಿದೆ ಹೊರಗಿನವರ ಪಾಲನ್ನು ಸಾಮಾನ್ಯವಾಗಿ ನೂರಕ್ಕೆ 40ಕ್ಕೆ ಮಿತಗೊಳಿಸಿತ್ತು. ಅದಕ್ಕೊಪ್ಪದೆ ಕೋಕಾಕೋಲಾ, ಐಬಿಎಂ ಕಂಪನಿಗಳು 1977-78ರಲ್ಲಿ ಗಂಟುಮೂಟೆ ಕಟ್ಟಿದ್ದವು. ಬಾಗಿಲು ದೊಡ್ಡದಾಗಿ ತೆರೆದದ್ದು 1991ರ ಜುಲೈನಲ್ಲಿ. ಅಂದರೆ ಈ ಕಂಪನಿ ಬಂದದ್ದು ಉದಾರೀಕರಣಕ್ಕೆ ಆರು ವರ್ಷ ಮೊದಲು. ಅನುಮತಿಗಳ ರಾಶಿ, ಸಾಲದ್ದಕ್ಕೆ ಬೆಂಗಳೂರಿನಿಂದ ಅಮೆರಿಕಕ್ಕೆ ನೇರ ಉಪಗ್ರಹ ಸಂಪರ್ಕ ಬೇಕೆಂಬ ಬೇಡಿಕೆ. ಖಾಸಗಿ ಕಂಪನಿಗೆ ಅಂಥ ಸಂಪರ್ಕ ಕೊಟ್ಟ ರೂಢಿಯೇ ಇರಲಿಲ್ಲ. ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ದಾರಿ ಹುಡುಕಿಕೊಟ್ಟಿತು.

ಇಷ್ಟು ತೊಡಕಿದ್ದರೂ ಬಂದದ್ದೇಕೆ? ಅಗ್ಗದ ಸಂಬಳವೂ ಒಂದು ಕಾರಣ, ಇಲ್ಲವೆನ್ನಲಾಗದು. ಆದರೆ ಸಂಬಳ ಭಾರತದ ಯಾವ ಊರಿನಲ್ಲಾದರೂ ಅಮೆರಿಕಕ್ಕಿಂತ ಅಗ್ಗವೇ. ಕಂಪನಿಗೆ ಬೇಕಾಗಿದ್ದವರು ಬೆಸುಗೆ ಹಾಕುವ ಕೈಗಳಲ್ಲ, ಸಿಲಿಕಾನ್ ಮಂಡಲಗಳ ವಿನ್ಯಾಸಕ್ಕೆ ತಂತ್ರಾಂಶ ಬರೆಯಬಲ್ಲ ತಲೆಗಳು. ಅಂಥ ತಲೆಗಳು ಒಂದು ಊರಿನಲ್ಲಿ ತಾವಾಗಿ ಗುಂಪುಗೂಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಇಲ್ಲಿ ಆರಂಭವಾದದ್ದು ಟಾಟಾರ ಹಣ ಮತ್ತು ಮೈಸೂರು ಕೊಟ್ಟ ನೆಲದಿಂದ. ವಿಶ್ವೇಶ್ವರಯ್ಯನವರ ಎಂಜಿನಿಯರಿಂಗ್ ಕಾಲೇಜು 1917ರದು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಆಮೇಲೆ ಇಸ್ರೋ. ಎಪ್ಪತ್ತೈದು ವರ್ಷಗಳ ಕಾಲ ಸರ್ಕಾರಿ ಹಣ, ಅಂದರೆ ನಿಮ್ಮ ಅಜ್ಜಂದಿರ, ಅಪ್ಪಂದಿರ ತೆರಿಗೆ ಹಣ, ಈ ಊರಿನ ತಲೆಗಳಲ್ಲಿ ಹೂಡಿಕೆಯಾಗಿತ್ತು. ಅಂದು ಇದನ್ನು ವ್ಯರ್ಥ ಖರ್ಚು ಎಂದವರು ಕಡಿಮೆಯೇನಿರಲಿಲ್ಲ.

1981ರ ಒಂದು ಛಾಯಾಚಿತ್ರವನ್ನು ನೀವು ನೋಡಿರಬಹುದು. ಆಪಲ್ ಎಂಬ ನಮ್ಮ ಸಂಪರ್ಕ ಉಪಗ್ರಹ ಎತ್ತಿನ ಗಾಡಿಯ ಮೇಲೆ ನಿಂತಿದೆ. ಬಡ ದೇಶದ ಗೇಲಿಗೆ ಆ ಚಿತ್ರ ಬಳಕೆಯಾದದ್ದೇ ಹೆಚ್ಚು. ನಿಜಸಂಗತಿ ಬೇರೆ. ಆಂಟೆನಾದ ಪರೀಕ್ಷೆಗೆ ಸುತ್ತ ಲೋಹವಿರದ ವೇದಿಕೆ ಬೇಕಿತ್ತು, ಲೋಹ ರೇಡಿಯೋ ಅಲೆಗಳನ್ನು ಪ್ರತಿಫಲಿಸಿ ಅಳತೆ ಕೆಡಿಸುತ್ತದೆ. ಮರದ ಗಾಡಿ ಅಗ್ಗದ, ಸರಿಯಾದ ಪರಿಹಾರವಾಗಿತ್ತು. ಟೆಕ್ಸಾಸ್‌ನವರ ಡಿಶ್ ಕೂಡ ಎತ್ತಿನ ಗಾಡಿಯ ಮೇಲೇ ಮಿಲ್ಲರ್ಸ್ ರಸ್ತೆಗೆ ಬಂದಿತೆಂದು ಹೇಳುವುದುಂಟು. ಹೊರಗಿನವರು ಗಾಡಿಯನ್ನು ನೋಡಿ ನಕ್ಕಿರಬಹುದು. ಅವರು ಹುಡುಕಿಕೊಂಡು ಬಂದದ್ದು ಮಾತ್ರ ಆ ಗಾಡಿಯನ್ನು ಆರಿಸಿದ ತಲೆಯನ್ನು.

ಸರ್ಕಾರದ ಭರವಸೆಯೊಂದನ್ನೇ ನಂಬಿ ಬಂದ ಬಂಡವಾಳದ ಕಥೆಯೂ ನಮ್ಮಲ್ಲೇ ಇದೆ. ಮಂಗಳೂರಿನ ಬಳಿ ಸಾವಿರ ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟಲು ಬಂದ ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿ ವರ್ಷಗಟ್ಟಲೆ ಕಾದು, ವಿರೋಧ ಮತ್ತು ನ್ಯಾಯಾಲಯಗಳ ನಡುವೆ ಸಿಕ್ಕಿ, 1999ರ ಡಿಸೆಂಬರಿನಲ್ಲಿ ಯೋಜನೆಯನ್ನು ಬಿಟ್ಟು ಹೋಯಿತು. ಕರಾವಳಿಯ ಜನ ಕೇಳಿದ ಪರಿಸರದ ಪ್ರಶ್ನೆಗಳು ಸಣ್ಣವಲ್ಲ. ಅವಕ್ಕೆ ಮೊದಲೇ ಉತ್ತರ ಸಿದ್ಧವಿಲ್ಲದೆ ಕಾಗದದ ಮೇಲೆ ಖಾತರಿ ಬರೆದುಕೊಟ್ಟರೆ ಬಂಡವಾಳ ನೆಲಕ್ಕೆ ಇಳಿಯುವುದಿಲ್ಲ.

ಇನ್ನು ಕೋಲಾರಕ್ಕೆ ಮರಳೋಣ. ಬಂದ ಬಂಡವಾಳ ಒಂದು ದಿನ ಹೋಗುತ್ತದಲ್ಲ, ಆಗ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ.

1956ರಲ್ಲಿ ಗಣಿಗಳು ಮೈಸೂರು ರಾಜ್ಯ ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಷ್ಟರಲ್ಲಿ ಒಳ್ಳೆಯ ಅದಿರು ಮುಗಿದಿತ್ತು. ಆರಂಭದಲ್ಲಿ ಟನ್ನಿಗೆ ಹತ್ತಾರು ಗ್ರಾಂ ಇದ್ದ ಚಿನ್ನ ಕೊನೆಗೆ ಐದು ಗ್ರಾಂಗಿಂತಲೂ ಕೆಳಗಿಳಿಯಿತು. ಆಳ ಮಾತ್ರ ಹೆಚ್ಚುತ್ತಲೇ ಹೋಯಿತು. ಆ ಆಳದಿಂದ ಒಂದು ಅನಿರೀಕ್ಷಿತ ಲಾಭವಾಯಿತೆಂಬುದನ್ನು ವಿಜ್ಞಾನದ ವಿದ್ಯಾರ್ಥಿಯಾಗಿ ಹೇಳದಿರಲಾರೆ. ಇತರ ವಿಶ್ವಕಿರಣಗಳು ಇಳಿಯಲಾರದ ಆ ಕತ್ತಲಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಬಂದ ಚಿನ್ನ ಸುಮಾರು 800 ಟನ್.

ಅದನ್ನು ಮೇಲೆ ತಂದವರು ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಾಡುವ ಬಡ ಕೂಲಿಗಳು. ಅವರಲ್ಲಿ ಬಹಳ ಮಂದಿ ದಲಿತರು. ಆಳದಲ್ಲಿ ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್‌ನಿಂದ ಮೆಲ್ಲಗೆ ಸತ್ತವರಿದ್ದಾರೆ. 1930ರಲ್ಲಿ ಕಂಪನಿ ಎಲ್ಲ ಕೆಲಸಗಾರರ ಬೆರಳಚ್ಚು ದಾಖಲಿಸಲು ಹೊರಟಾಗ ಅವರು ಕೆಲಸ ನಿಲ್ಲಿಸಿ ಹೋರಾಡಿದರು. ತಮ್ಮನ್ನು ಕಳ್ಳರಂತೆ ಎಣಿಸಬಾರದೆಂಬುದು ಅವರ ಮಾತು. ಹೂಡಿಕೆಯ ಲೆಕ್ಕದ ಪುಸ್ತಕದಲ್ಲಿ ಇವರಿಗೆಲ್ಲ ಇದ್ದದ್ದು ಕೂಲಿ ಎಂಬ ಒಂದೇ ಸಾಲು.

ಮೈಸೂರಿನ ಮುತ್ಸದ್ದಿಗಳು ಕಾವೇರಿಯಲ್ಲಿ ತೋರಿದ ದೂರದೃಷ್ಟಿಯನ್ನು ಈ ಊರಿನಲ್ಲಿ ತೋರಲಿಲ್ಲ ಎಂದೇ ನಾನು ಹೇಳಬೇಕು. ಚಿನ್ನ ಮುಗಿಯುವ ವಸ್ತು ಎಂಬುದು ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ಗಣಿಯ ರಾಯಧನದ ಒಂದು ಪಾಲನ್ನು ಗಣಿ ಇಲ್ಲದ ದಿನಗಳಿಗಾಗಿ ಇಲ್ಲಿಯೇ ಹೂಡಬೇಕೆಂದು ಯಾವ ಸರ್ಕಾರಕ್ಕೂ ತೋಚಲಿಲ್ಲ, ಮಹಾರಾಜರ ಕಾಲದಲ್ಲೂ, ನಮ್ಮ ಕಾಲದಲ್ಲೂ. ಬಿಇಎಂಎಲ್‌ನ ಕಾರ್ಖಾನೆಯೊಂದು ಇಲ್ಲಿಗೆ ಬಂದಿತು, ಅದು ದೊಡ್ಡ ಆಸರೆ. ಆದರೆ ಬೆಂಗಳೂರಿನಲ್ಲಿ ಸಂಸ್ಥೆಯ ಮೇಲೆ ಸಂಸ್ಥೆ ಎದ್ದು ಒಂದಕ್ಕೊಂದು ನೀರೆರೆದಂತೆ ಇಲ್ಲಿ ಆಗಲಿಲ್ಲ.

ಗಣಿಯ ಪಕ್ಕ ಬೂದು ಬಣ್ಣದ ಗುಡ್ಡಗಳು ನಿಂತಿವೆ. ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಹಿಟ್ಟಿನ ರಾಶಿ ಅದು, ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದಾಗ ಆ ಹಿಟ್ಟು ಮನೆಗಳ ಒಳಗೂ ಬರುತ್ತದೆ. ಗುಡ್ಡಗಳಲ್ಲಿ ಇನ್ನೂ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಬರುವ ಬಂಡವಾಳ ಯಾರದೇ ಇರಲಿ, ಈ ಬಾರಿ ಊರಿನ ಪಾಲು ಎಷ್ಟೆಂದು ಕರಾರು ಬರೆಯುವ ಮೊದಲೇ ಕೇಳಬೇಕಾದವರು ನಾವು.

ಈಗಲೂ ಬೆಳಗಾಗುವ ಮುನ್ನ ಮಾರಿಕುಪ್ಪಂ ನಿಲ್ದಾಣದಲ್ಲಿ ಜನ ಸೇರುತ್ತಾರೆ. ಗಣಿಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು. ಕೈಯಲ್ಲಿ ಬುತ್ತಿ. ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲೂ ಜನ ಹತ್ತುತ್ತಾರೆ. 1894ರಲ್ಲಿ ಗಣಿಗೆಂದು ಹಾಕಿದ ಆ ಹತ್ತು ಮೈಲಿ ಹಾದಿಯಲ್ಲೇ ರೈಲು ಬಂಗಾರಪೇಟೆ ದಾಟಿ ಅವರನ್ನು ಬೆಂಗಳೂರಿನ ಕೆಲಸಗಳಿಗೆ ಕರೆದೊಯ್ಯುತ್ತದೆ, ರಾತ್ರಿ ಮರಳಿ ತರುತ್ತದೆ.